ಮುಂದೆ ಹೋಗಿ ನೋಡಿ ಬರುವವನು

ಪತ್ರೊಡೆಗೆಂದು ಕೆಸುವಿನ ಎಲೆಗಳಿಗೆ ಹಿಟ್ಟು ಸವರುತ್ತ ಕೂತಿದ್ದೆ. ಈ ಕೆಲಸ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ, ಒಮ್ಮೆ ಕೂತರೆ ನಡುವೆ ಏಳುವ ಹಾಗಿಲ್ಲ. ಅಕ್ಕಿ, ಹುಣಸೆ, ಮೆಣಸು ಅರೆದ ಹಿಟ್ಟು ಎರಡೂ ಕೈಗೆ ಮೆತ್ತಿಕೊಂಡಿರುತ್ತದೆ. ಮೂಗು ತುರಿಸುವುದು ಆಗಲೇ, ಬಾಗಿಲು ಬಡಿಯುವುದು ಆಗಲೇ, ಫೋನು ಬರುವುದೂ ಆಗಲೇ. ಹಿಟ್ಟು ತಾಗದ ಕಿರುಬೆರಳಿನಿಂದ ಹೇಗೋ ಒತ್ತಿದೆ. ಸುರತ್ಕಲ್ಲಿನಿಂದ ಶ್ರಾವ್ಯ. ನನ್ನ ಗಂಡನ ಅಕ್ಕನ ಮಗ ದಿನೇಶನ ಮಗಳು.

“ಅಜ್ಜಿ, ಅಪ್ಪನ ಕಣ್ಣಿಗೆ ದೊಡ್ಡಜ್ಜನದ್ದೇ ಕಾಯಿಲೆಯಂತೆ,” ಎಂದಳು.

ಡಾಕ್ಟರು ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಕಣ್ಣಿನ ಒಳಗಿನ ಒತ್ತಡ ನರವನ್ನು ತಿಂದಿದೆ, ಹೋದದ್ದು ಹೋಯಿತು, ಉಳಿದ ಸ್ವಲ್ಪವನ್ನು ಹನಿ ಮದ್ದು ಹಾಕಿ ಕಾಪಾಡಿಕೊಳ್ಳಬೇಕು. ದೊಡ್ಡಜ್ಜನೆಂದರೆ ನನ್ನ ಮಾವನವರು, ದಿನೇಶನಿಗೆ ತಾಯಿಯ ತಂದೆ. ಅವರ ಕಣ್ಣು ಹೋದದ್ದೂ ಹೀಗೆಯೇ. ದಿನೇಶ ಈಗ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಾನಂತೆ.

“ಎಂತ ಹೇಳಿದ್ರೂ ‘ಆಯ್ತು ಮಗಾ’ ಅಂತಾರೆ ಅಜ್ಜಿ, ಅಷ್ಟೆ. ಒಂದು ಜಗಳವಾದ್ರೂ ಮಾಡಬಾರದಾ?” ಎಂದವಳು ಹಾಗೆಯೇ ಮುಂದುವರಿಸಿ, “ಅಪ್ಪನ ಹತ್ತಿರ ಆ ಹಳೇ ಆಟ ಆಡಿಸ್ಬೇಕು ಅಂತಿದ್ದೇನೆ. ನಾನೂ ಫ್ರೆಂಡ್ಸ್ ಜೊತೆ ಆಡ್ತೇನಲ್ಲ, ಅದರಲ್ಲಿ ರೋಗ್ ಅಂತ ಕಳ್ಳರ ಬಗೆಯ ಒಂದು ಪಾತ್ರ ಉಂಟು, ಅದರೊಳಗೆ ಮುಂದೆ ಹೋಗಿ ದಾರಿ ನೋಡುವವ ಸ್ಕೌಟ್. ದೊಡ್ಡಜ್ಜ ಮಾಡಿದ ಐತಪ್ಪನಂಥ ಸ್ಕೌಟ್ ಬೇರೆ ಯಾರಿಂದಲೂ ಆಗ್ಲಿಕ್ಕಿಲ್ಲ ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ರು. ಅವನನ್ನು ಹೇಗೆ ಮಾಡಿದ್ದು ಅಜ್ಜಿ? ನೆನಪುಂಟಾ?” ಎಂದು ಕೇಳಿದಳು.

“ಇರು, ಕೈ ತೊಳೆದು ನಾನೇ ಫೋನು ಮಾಡ್ತೇನೆ,” ಎಂದೆ. ಕೈ ತೊಳೆಯಲಿಲ್ಲ. ಎಲೆ ಇನ್ನೂ ಬೇಕಷ್ಟಿತ್ತು. ಸವರುತ್ತ ಕೂತೆ, ನೆನಪು ಬರುತ್ತ ಹೋಯಿತು. ನೀವೂ ಹತ್ತಿರ ಕೂತಿದ್ದೀರಿ ಎಂದುಕೊಂಡು ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಆಗಲೂ ನಾವು ಇದೇ ಕೊಟ್ಟಾರದಲ್ಲಿದ್ದೆವು, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೆಂಚಿನ ಮನೆಯಲ್ಲಿ. ನನ್ನ ಯಜಮಾನರು ಮಸ್ಕತ್ತಿನಲ್ಲಿದ್ದರು. ಮನೆಯಲ್ಲಿ ನಾನು, ಅತ್ತೆ, ಮಾವ. ಮಾವ ಲೈನ್ ಬಸ್ಸಿನ ಡ್ರೈವರ್ ಆಗಿದ್ದವರು. ಎಪ್ಪತ್ತರ ದಶಕವಿಡೀ ಮಂಗಳೂರು–ಮೂಡುಬಿದಿರೆ ದಾರಿಯಲ್ಲಿ ಬಸ್ಸು ಓಡಿಸಿದವರು. ಒಂದು ದಿನ ಬಸ್ಸಿನ ಎಡಬದಿ ಮೋರಿಯ ಕಟ್ಟೆಗೆ ಉಜ್ಜಿತಂತೆ. ಕಟ್ಟೆ ಅವರಿಗೆ ಕಂಡೇ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಅಂದು ಸಂಜೆಯೇ ಮಾಲೀಕರ ಮನೆಗೆ ಹೋಗಿ ಕೀಲಿ ಕೊಟ್ಟು ಬಂದರು. ಅಂಚಿನಿಂದ ಶುರುವಾದ ಕತ್ತಲೆ ಕೆಲವು ವರ್ಷಗಳಲ್ಲಿ ನಡುವಿಗೂ ಬಂತು.

ಆಮೇಲೆ ಅವರು ಚಾವಡಿಯ ಕುರ್ಚಿ ಹಿಡಿದರು. ಸ್ನಾನಕ್ಕೆ ಕೈ ಹಿಡಿದು ಕರೆದುಕೊಂಡು ಹೋಗಬೇಕು, ಊಟಕ್ಕೆ ಕೈ ಹಿಡಿದು ಕೂರಿಸಬೇಕು. ಕ್ಷೌರದವನೂ ಮನೆಗೇ ಬರುತ್ತಿದ್ದ. ಕೋಲು ತಂದುಕೊಟ್ಟರೆ ಮುಟ್ಟಲಿಲ್ಲ. “ಕೋಲು ಹಿಡಿದು ಹೋದ್ರೆ ನಾನು ಕುರುಡ ಅಂತ ಊರಿಗೆ ಡಂಗುರ ಹೊಡೆದ ಹಾಗೆ,” ಎಂದರು. ಬರಬರುತ್ತ ಊಟವೂ ಕಡಿಮೆಯಾಯಿತು. ಅವರ ಪ್ರೀತಿಯ ಬಂಗುಡೆ ಸಾರು ಮಾಡಿದರೂ ಎರಡು ತುತ್ತಿಗೆ ಕೈ ತೊಳೆಯುತ್ತಿದ್ದರು. ಒಂದು ದಿನ ನಾನು ಕೈ ಹಿಡಿದು ಬಚ್ಚಲಿಗೆ ನಡೆಸುವಾಗ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: “ಡ್ರೈವರ್ ಆಗಿದ್ದವ ಈಗ ಲಗೇಜು ಆದೆ ಮಗಾ. ಇಟ್ಟಲ್ಲಿ ಇರ್ಬೇಕು, ಎತ್ತಿದಾಗ ಏಳ್ಬೇಕು.”

ನಾನು ಸಂಜೆ ದೀಪ ಹಚ್ಚಿ ಆ ದಿನದ ಸಣ್ಣಪುಟ್ಟ ಕೃಪೆಗಳನ್ನು ದೇವರ ಎದುರು ಹೇಳಿಕೊಳ್ಳುವವಳು. ಹಾಲು ಒಡೆಯಲಿಲ್ಲ, ಮಸ್ಕತ್ತಿನಿಂದ ಫೋನು ಬಂತು, ಅಂಥವು. ಆ ದಿನ ದೀಪದ ಎದುರು ನನಗೆ ಏನೂ ಹೇಳಲು ಬರಲಿಲ್ಲ. ಈ ಮನುಷ್ಯ ಹೀಗೆ ಕೂತೇ ಹೋಗಿಬಿಡುತ್ತಾರೆ ಎಂಬ ಹೆದರಿಕೆ ಅಂದೇ ನನ್ನೊಳಗೆ ಹೊಕ್ಕಿತು.

ದಿನೇಶ ಆಗ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನ ಸಾಂಬಾರಿನ ಮೇಲೆ ಕೋಪ ಬಂದ ಭಾನುವಾರಗಳಲ್ಲಿ ನಮ್ಮಲ್ಲಿಗೆ ಬರುವನು. ಆ ವರ್ಷದ ಆಟಿ ತಿಂಗಳಲ್ಲಿ ಬಂದವನ ಕೈಯಲ್ಲಿ ಜೆರಾಕ್ಸ್ ಕಾಗದಗಳ ಒಂದು ಕಟ್ಟು. ಅವನ ರೂಮಿನ ಹುಡುಗನ ಅಣ್ಣ ಹಡಗಿನಲ್ಲಿ ಕೆಲಸ ಮಾಡುತ್ತಿದ್ದವ ಯಾವುದೋ ದೇಶದಿಂದ ತಂದ ಆಟವಂತೆ. ವಿಚಿತ್ರ ಆಟ. ಪಗಡೆಯ ಹಾಗೆ ಹಾಸಿಲ್ಲ, ಕಾಯಿಯಿಲ್ಲ, ಸೋಲು ಗೆಲುವೂ ಇಲ್ಲ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ತಮಗೆ ಒಬ್ಬೊಬ್ಬ ಮನುಷ್ಯನನ್ನು ಕಾಗದದ ಮೇಲೆ ಕಟ್ಟಿಕೊಂಡು ಆ ಕತೆಯೊಳಗೆ ಇಳಿಯುತ್ತಾರೆ. ‘ನೀವು ಗುಹೆಯ ಬಾಯಿಗೆ ಬಂದಿದ್ದೀರಿ, ಎಂತ ಮಾಡ್ತೀರಿ?’ ಎಂದು ಅವನು ಕೇಳಿದರೆ ಇವರು ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ.

ಅತ್ತೆ ಒಪ್ಪಿದ್ದು ಆಟಿಯ ದೆಸೆಯಿಂದ. ನಮ್ಮ ಕಡೆ ಚೆನ್ನೆಮಣೆಯನ್ನು, ಅಂದರೆ ಅಳಗುಳಿ ಮಣೆಯನ್ನು, ಅಟ್ಟದಿಂದ ಇಳಿಸುವುದು ಆಟಿಯಲ್ಲಿ ಮಾತ್ರ. ಹೊಲದಲ್ಲಿ ಕೆಲಸವಿಲ್ಲದ, ಶುಭಕಾರ್ಯವಿಲ್ಲದ ತಿಂಗಳು ಅದು. ಅದರ ಮುಂದಿನ ಸೋಣ ತಿಂಗಳು ಬಂತೆಂದರೆ ಮಣೆ ಮತ್ತೆ ಮೇಲೆ, ಆಮೇಲೆ ಆಡಿದರೆ ಮನೆಗೆ ಒಳ್ಳೆಯದಲ್ಲ. “ಆಟಿ ಮುಗಿಯುವವರೆಗೆ ಎಂತ ಬೇಕಾದ್ರೂ ಆಡಿ. ಸೋಣ ಸಂಕ್ರಮಣದ ದಿನ ಈ ಕಾಗದವೂ ಮಣೆಯ ಜೊತೆ ಅಟ್ಟಕ್ಕೆ,” ಎಂದರು. ಅವರ ಕಾನೂನಿಗೆ ಮೇಲ್ಮನವಿ ಇರಲಿಲ್ಲ.

ಆಡಲು ಸಿಕ್ಕವಳು ನಾನು. ಮಾವನನ್ನು ಕರೆದಾಗ ಅವರು ಮುಖ ಆಚೆ ತಿರುಗಿಸಿದರು. “ನನ್ನನ್ನು ಬಿಡು ಮಾರಾಯ, ನಾನು ನೋಡಿ ಆಡುವವ.”

ಗುಂಪಿಗೆ ಒಬ್ಬ ಕಳ್ಳ ಬೇಕು ಎಂದು ದಿನೇಶ ಹೇಳಿದ. ಅವನನ್ನು ಕಟ್ಟುವ ಕೆಲಸ ನನಗೆ ಬಂತು. ಮನುಷ್ಯನಿಗೆ ಆರು ಗುಣಗಳು: ಬಲ, ಕೈಚಳಕ, ತಾಳಿಕೆ, ಬುದ್ಧಿ, ವಿವೇಕ, ಎದುರಿನವರನ್ನು ಒಲಿಸುವುದು. ಆಡುವವಳಿಗೆ ಅರ್ಥವಾಗಲಿ ಎಂದು ದಿನೇಶ ಚೆನ್ನೆಮಣೆಯನ್ನೇ ಮುಂದಿಟ್ಟ. ಒಂದು ಸಾಲಿನ ಏಳರಲ್ಲಿ ಆರು ಗುಳಿ, ಆರು ಗುಣ. ಒಂದು ಬೊಗಸೆ ಚೆನ್ನೆಕಾಯಿ ಕೊಟ್ಟು, “ಇದನ್ನು ನಿಮಗೆ ಸರಿ ಕಂಡ ಹಾಗೆ ಹಂಚಿ ಮಾಮಿ,” ಎಂದ.

ಹಂಚುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ. ಮೀನಿನ ತುಂಡಾಗಲಿ, ಪಾಯಸವಾಗಲಿ, ಕೂತವರಿಗೆಲ್ಲ ಸಮ. ಒಬ್ಬರಿಗೆ ಹೆಚ್ಚು ಬಿತ್ತೋ, ಇನ್ನೊಬ್ಬರ ಕಣ್ಣು ಅಲ್ಲಿಗೇ. ಹಾಗೆ ಒಂದೊಂದೇ ಕಾಯಿಯನ್ನು ಗುಳಿಯಿಂದ ಗುಳಿಗೆ ಬಿಡುತ್ತ ಹೋದೆ. ಆರಕ್ಕೂ ಸರಿಸಮ. ಯಾರಿಗೂ ಬೇಸರವಾಗದ ಹಾಗೆ ಬಡಿಸಿದೆನೆಂಬ ಸಂತೋಷದಲ್ಲಿ ತಲೆಯೆತ್ತಿದೆ. ದಿನೇಶ ಬಾಯಿ ಬಿಗಿಹಿಡಿದಿದ್ದ. ಮಾಮಿಗೆ ಹೇಗೆ ಹೇಳುವುದೆಂದು ಹುಡುಗನಿಗೆ ಸಂಕೋಚ.

ಕುರ್ಚಿಯಿಂದ ಸ್ವರ ಬಂತು.

“ಆರೂ ಗುಳಿಯಲ್ಲಿ ಒಂದೇ ಶಬ್ದ ಆಯ್ತಲ್ಲ. ಎಲ್ಲದಕ್ಕೂ ಸಮ ಹಾಕಿದ್ದಾ?”

“ಹೌದು ಮಾವ.”

“ಇವನನ್ನು ಮದುವೆಗೆ ಕರೀಬಹುದು. ಕಾಡಿಗೆ ಕಳಿಸ್ಲಿಕ್ಕೆ ಆಗ್ಲಿಕ್ಕಿಲ್ಲ.”

ದಿನೇಶ ನಕ್ಕುಬಿಟ್ಟ. ನನಗೂ ನಗು ಬಂತು. ಮಾವ ನಗಲಿಲ್ಲ, ಕುರ್ಚಿಯನ್ನು ಎಳೆಯಲು ಹೇಳಿದರು. ಮಣೆಯ ಎದುರು ಕೂತು ಬೆರಳಿನಿಂದ ಗುಳಿಗಳನ್ನು ಮುಟ್ಟಿ ಮುಟ್ಟಿ ನೋಡಿದರು.

“ಇದು ಬಲವಾ? ಇವನಿಗೆ ಬಲ ಎಂತಕ್ಕೆ? ಎತ್ತುವವರು ಹಿಂದೆ ಇದ್ದಾರೆ. ತೆಗಿ. ಕೈಚಳಕಕ್ಕೆ ಹಾಕು, ಕಾಲೂ ಅದರಲ್ಲೇ ಬಂತಲ್ಲ? ಕಿವಿ ಮೂಗು ಯಾವುದರಲ್ಲಿ ಬರ್ತದೆ ದಿನೇಶ?”

“ವಿವೇಕದಲ್ಲಿ ಅಜ್ಜ.”

“ಹಾಗಾದ್ರೆ ಅದಕ್ಕೆ ತುಂಬಾ ಹಾಕು. ಒಲಿಸುವುದು ಸ್ವಲ್ಪ ಸಾಕು. ಹೋಟೆಲಿನವ ಒಂದು ಚಾ ಕೊಡುವಷ್ಟು.”

ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಕಳ್ಳ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. “ದೈವಕ್ಕೆ ದೀಪ ಇಡುವ ಮನೆಯಲ್ಲಿ ಕಳ್ಳನನ್ನು ಕೂತು ಮಾಡುವುದಾ? ಬೇರೆ ಜನ ಸಿಗ್ಲಿಲ್ವಾ ನಿಮಗೆ?”

ದಿನೇಶ ಸಮಜಾಯಿಷಿ ಕೊಟ್ಟ. ಕಳ್ಳನ ವಿದ್ಯೆ ಇರುತ್ತದೆ, ಕದಿಯಲೇಬೇಕೆಂದಿಲ್ಲ. ಸದ್ದಿಲ್ಲದೆ ನಡೆಯುವುದು, ಬೀಗ ತೆಗೆಯುವುದು, ಎಲ್ಲರಿಗಿಂತ ಮೊದಲು ಹೋಗಿ ದಾರಿ ಹೇಗಿದೆ ಎಂದು ನೋಡಿ ಬಂದು ಹಿಂದಿನವರಿಗೆ ಹೇಳುವುದು.

“ಅಂದ್ರೆ ಕ್ಲೀನರ್,” ಎಂದರು ಮಾವ.

ಆಗ ಐತಪ್ಪನ ವಿಷಯ ಬಂತು. ಮಾವನ ಬಸ್ಸಿನಲ್ಲಿ ಬಹಳ ಕಾಲ ಕ್ಲೀನರ್ ಆಗಿದ್ದ, ಮೀಸೆ ನೆರೆಯುವವರೆಗೂ ಅದೇ ಕೆಲಸ ಮಾಡಿದ ಮನುಷ್ಯ. ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಬಂದಾಗ ಬಸ್ಸು ನಿಲ್ಲಿಸುತ್ತಿದ್ದರಂತೆ. ಐತಪ್ಪ ಚಪ್ಪಲಿ ಬಿಚ್ಚಿ ಬಾಗಿಲ ಬಳಿ ಇಟ್ಟು, ಉದ್ದದ ಬಿದಿರು ಹಿಡಿದು ನೀರಿಗಿಳಿಯುವನು. ಮೋರಿ ಉಂಟೋ ಕೊಚ್ಚಿ ಹೋಯಿತೋ, ನೀರು ಎಷ್ಟು, ಸೆಳೆತ ಯಾವ ಕಡೆಗೆ, ಎಲ್ಲ ಕೋಲಿನಿಂದ ಚುಚ್ಚಿ ನೋಡುತ್ತ ಆಚೆ ದಡಕ್ಕೆ ಹೋಗಿ ಶಿಳ್ಳೆ ಹಾಕುವನು. ಶಿಳ್ಳೆ ಬಂದ ಮೇಲೆ ಮಾವ ಗೇರು ಹಾಕುವುದು.

“ಬಸ್ಸು ತುಂಬ ಜನ. ನನ್ನ ಕಣ್ಣನ್ನು ನಂಬಿದ್ರು ಅಂತ ಅವರು ಎಣಿಸಿದ್ದು. ನಾನು ನಂಬಿದ್ದು ಅವನ ಕಾಲನ್ನು,” ಎಂದರು.

ನಮ್ಮ ಕಳ್ಳನಿಗೆ ಹೆಸರು ಸಿಕ್ಕಿತು. ಅತ್ತೆಗೂ ಸಮಾಧಾನವಾಯಿತು, ಆದರೆ ಒಂದು ಷರತ್ತು ಹಾಕಿದರು. ಗುಹೆಯಾಗಲಿ ಕೋಟೆಯಾಗಲಿ, ಒಳಗೆ ಹೋಗುವ ಮೊದಲು ಐತಪ್ಪ ಗಡಿಯಲ್ಲಿ ನಿಂತು ವೀಳ್ಯದೆಲೆ ಅಡಿಕೆ ಇಟ್ಟು ಕೈಮುಗಿಯಬೇಕು.

“ಅಜ್ಜಿ, ಅಲ್ಲಿ ದೈವ ಇಲ್ಲ. ಬೆಂಕಿ ಉಗುಳುವ ಒಂದು ದೊಡ್ಡ ಹಾವು ಉಂಟು,” ಎಂದ ದಿನೇಶ.

“ಹೆಸರು ಎಂತದ್ದೇ ಇರ್ಲಿ. ಜಾಗ ಅದರದ್ದಲ್ವಾ? ಕೇಳಿಯೇ ಹೋಗ್ಬೇಕು.”

ಹಾಗೆ ಅವನ ಜೋಳಿಗೆಯಲ್ಲಿ ಹಗ್ಗ, ಎಣ್ಣೆ, ಸೀಮೆಸುಣ್ಣಗಳ ಜೊತೆ ವೀಳ್ಯದೆಲೆಯೂ ಸೇರಿತು. ಹೆಗಲಿಗೆ ಉದ್ದದ ಬಿದಿರು ಬಂತು. ಐತಪ್ಪನನ್ನು ಮಾವ ವಹಿಸಿಕೊಂಡರು. ನನಗೆ ದಿನೇಶ ಗಾಯಕ್ಕೆ ಮದ್ದು ಹಾಕುವ ಒಬ್ಬ ಭಕ್ತೆಯನ್ನು ಕೊಟ್ಟ. ಅವಳನ್ನು ಕಟ್ಟಲು ನನಗೆ ಕಷ್ಟವಾಗಲಿಲ್ಲ.

ಇನ್ನು ಆಟ ಹೇಗಾಗುತ್ತಿತ್ತೆಂದರೆ, ಮೊದಲ ದಿನ ದಿನೇಶ ಭಾರೀ ಗಂಭೀರವಾಗಿ, “ಒಳಗೆ ಕಡು ಕತ್ತಲೆ. ಎಂತದ್ದೂ ಕಾಣುವುದಿಲ್ಲ,” ಎಂದ.

“ಕಾಣುವುದಿಲ್ಲ ಅಂತ ಹೇಳ್ಬೇಡ ಮಾರಾಯ, ಅದು ನನಗೆ ಗೊತ್ತುಂಟು. ಕೇಳುವುದು ಎಂತ?”

ದಿನೇಶ ತಡವರಿಸಿದ. ಅವನ ಕಾಗದದಲ್ಲಿ ಅದು ಇರಲಿಲ್ಲ. “ನೀರು... ನೀರು ತೊಟ್ಟಿಕ್ಕುವ ಶಬ್ದ.”

“ಕಲ್ಲಿನ ಮೇಲಾ, ನೀರಿನ ಮೇಲಾ?”

“ನೀರಿನ ಮೇಲೆ.”

“ಹಾಗಾದ್ರೆ ಹೊಂಡ ಉಂಟು. ಗಾಳಿ?”

“ಎಡಗಡೆಯಿಂದ.”

“ಹಾಗಾದ್ರೆ ಎಡಕ್ಕೆ ಬಾಯಿಯೂ ಉಂಟು. ಐತಪ್ಪ ಎಡಗೋಡೆ ಹಿಡಿದು ಹೋಗ್ತಾನೆ. ಬಿದಿರು ಮುಂದೆ.”

ಪಂಜು ಹೊತ್ತಿಸ್ತೀರಾ ಎಂದು ಕೇಳಿದರೆ ಬೇಡವೆಂದರು. “ಪಂಜು ಹಿಂದಿನವರಿಗೆ ಇರ್ಲಿ. ಬೆಳಕು ಹಿಡಿದವನನ್ನು ಎಲ್ಲರೂ ನೋಡ್ತಾರೆ.” ಮರದ ದಾಳಗಳನ್ನು ತಾವೇ ಉರುಳಿಸಿ, ಹೆಬ್ಬೆರಳಿನಿಂದ ಚುಕ್ಕೆಯ ಗುಳಿಗಳನ್ನು ಮುಟ್ಟಿ ತಾವೇ ಎಣಿಸುತ್ತಿದ್ದರು. ನಾವು ಹೇಳಲು ಹೋದರೆ ಸಿಟ್ಟು. ಐತಪ್ಪ ಹೋಗಿ ಬಂದು ವರದಿ ಕೊಡುವಾಗ ಮಾವನ ಬೆನ್ನು ಕುರ್ಚಿಗೆ ತಾಗುತ್ತಿರಲಿಲ್ಲ. ಆ ಭಾನುವಾರ ರಾತ್ರಿ ಅವರು ಅನ್ನಕ್ಕೆ ಎರಡನೆಯ ಸಲ ಕೈ ಚಾಚಿದರು. ನಾನು ಏನೂ ಹೇಳದೆ ಬಡಿಸಿದೆ. ಮರುದಿನ ದೀಪದ ಎದುರು ಮಾತ್ರ ಹೇಳಿದೆ.

ವಾರಗಳು ಹೋದದ್ದೇ ತಿಳಿಯಲಿಲ್ಲ. ಐತಪ್ಪ ಗುಹೆಯ ಎರಡನೆಯ ತಿರುವಿಗೆ ಬಂದಿದ್ದ, ಉಳಿದವರು ಬಾಯಿಯ ಹತ್ತಿರ ಕಾಯುತ್ತಿದ್ದೆವು. ಅಷ್ಟಕ್ಕೆ ಸೋಣ ಸಂಕ್ರಮಣ ಬಂತು. ಅತ್ತೆ ಮಣೆಯನ್ನು ಒರೆಸಿ, ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಕಳಿಸಿಯೇ ಬಿಟ್ಟರು. “ಒಂದು ತಿರುವು ಅಜ್ಜಿ, ಒಂದೇ ತಿರುವು,” ಎಂದು ದಿನೇಶ ಅಂಗಲಾಚಿದ. “ಮುಂದಿನ ಆಟಿಗೆ,” ಎಂದರು. ಮುಂದಿನ ಆಟಿಯ ಹೊತ್ತಿಗೆ ದಿನೇಶ ಕೆಲಸ ಸಿಕ್ಕಿ ಬೇರೆ ಊರಿನಲ್ಲಿದ್ದ. ಆ ತಿರುವು ಹಾಗೆಯೇ ಉಳಿಯಿತು.

ನನಗೆ ಮತ್ತೆ ಹಳೆಯ ಹೆದರಿಕೆ. ಆಟ ಹೋಯಿತು, ಇನ್ನು ಈ ಮನುಷ್ಯ ಪುನಃ ಕುರ್ಚಿಗೆ. ಸೋಣದ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ, ನಾನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಮಾವ ಗೋಡೆ ಹಿಡಿದುಕೊಂಡು ಮೆಟ್ಟಿಲವರೆಗೆ ತಾವೇ ಬಂದು ನಿಂತರು.

“ನುಗ್ಗೆ ಕೊಯ್ಯುವ ದೋಟಿ ಎಲ್ಲಿ ಉಂಟು ಮಗಾ?”

“ಎಂತಕ್ಕೆ ಮಾವ?”

“ಮುರಿದದ್ದು ಒಂದು ಇತ್ತಲ್ಲ, ಅರ್ಧದ್ದು. ಕೊಡು. ಕ್ಷೌರದ ಅಂಗಡಿಗೆ ಹೋಗಿ ಬರ್ತೇನೆ.”

ಕ್ಷೌರದ ಅಂಗಡಿ ದೂರವಲ್ಲ. ಹೆದ್ದಾರಿ ದಾಟಬೇಕಾಗಿಲ್ಲ. ಆದರೆ ಓಣಿಯ ಒಂದು ಬದಿಗೆ ತೆರೆದ ಚರಂಡಿ, ಕೊನೆಯಲ್ಲಿ ಲಾರಿಗಳು ಹೋಗುವ ರಸ್ತೆ. ‘ಅಪ್ಪನನ್ನು ಒಬ್ಬರನ್ನೇ ಬಿಡಬೇಡ’ ಎಂದು ಯಜಮಾನರು ಮಸ್ಕತ್ತಿನಿಂದ ಪ್ರತಿ ಸಲವೂ ಹೇಳುವರು. ಕೊಡುವುದಿಲ್ಲ ಎನ್ನಬಹುದಿತ್ತು. ಅತ್ತೆ ಬರಲಿ ಎನ್ನಬಹುದಿತ್ತು. ಕೊಟ್ಟೆ. ಯಾಕೆ ಕೊಟ್ಟೆನೆಂದರೆ, ಅವರು ಕೇಳಿದ್ದು ಕುರ್ಚಿಯಿಂದಲ್ಲ, ನಿಂತುಕೊಂಡು.

ಅವರು ಗೇಟು ದಾಟಿದರು. ನಾನು ಚಪ್ಪಲಿ ಬಿಚ್ಚಿಟ್ಟು ಸದ್ದಿಲ್ಲದೆ ಹಿಂದೆ ಹೊರಟೆ. ಐತಪ್ಪನ ವಿದ್ಯೆ ನನಗೂ ಸ್ವಲ್ಪ ಬಂದಿದೆ ಎಂದುಕೊಂಡಿದ್ದೆ. ಪಕ್ಕದ ಮನೆಯ ಗೋಡೆ ಮುಗಿಯುವಷ್ಟರಲ್ಲಿ ಅವರು ನಿಂತರು.

“ಬಳೆ ಕೇಳ್ತದೆ,” ಎಂದರು, ತಿರುಗದೆ.

ನಾನು ಬಳೆಗಳನ್ನು ಮೇಲೆ ಸರಿಸಿ ಒತ್ತಿ ಹಿಡಿದೆ.

“ಮುಂದೆ ಹೋಗುವವನ ಹಿಂದೆಯೇ ಬಂದ್ರೆ ಅವನು ಮುಂದೆ ಹೋದ ಹಾಗೆ ಹೇಗಾಗ್ತದೆ? ನೀನು ಗೇಟಿನಲ್ಲಿ ನಿಲ್ಲು. ಕರೆಯಬೇಡ. ನಾನು ಬಂದು ಹೇಳ್ತೇನೆ.”

ವಾಪಸ್ಸು ಬಂದು ಗೇಟು ಹಿಡಿದು ನಿಂತೆ. ದೋಟಿಯ ತುದಿ ಚರಂಡಿಯ ಕಲ್ಲಿಗೆ ತಾಗುವ ಶಬ್ದ ಸ್ವಲ್ಪ ಹೊತ್ತು ಕೇಳಿತು, ಆಮೇಲೆ ತಿರುವಿನಲ್ಲಿ ಅದೂ ಹೋಯಿತು. ಅಲ್ಲಿ ನಿಂತು ನಾನು ಹರಸಿಕೊಳ್ಳದ ದೇವರಿಲ್ಲ. ರಸ್ತೆಯಲ್ಲಿ ಯಾವ ಲಾರಿ ಹಾರನ್ ಹಾಕಿದರೂ ಬಾಯಿ ತೆರೆಯುತ್ತಿತ್ತು, ಕರೆಯಬಾರದೆಂದು ಮುಚ್ಚುತ್ತಿದ್ದೆ. ಕಾಯುವುದೂ ಒಂದು ಕೆಲಸವೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೈಯಲ್ಲಿ ಒಂದು ಸೌಟಾದರೂ ಇದ್ದಿದ್ದರೆ ಎನ್ನಿಸಿತು.

ಬಂದರು. ಗಡ್ಡ ನುಣ್ಣಗಾಗಿತ್ತು, ಪಂಚೆಯ ಅಂಚು ಕೆಸರಾಗಿತ್ತು. ಗೇಟಿನಲ್ಲೇ ನಿಂತು ವರದಿ ಒಪ್ಪಿಸಿದರು: “ಚರಂಡಿಯ ಒಂದು ಚಪ್ಪಡಿ ಅಲ್ಲಾಡ್ತದೆ, ನೀನು ನೀರು ತರುವಾಗ ಜಾಗ್ರತೆ. ತಿರುವಿನಲ್ಲಿ ಯಾರೋ ಹೊಸದಾಗಿ ಸೈಕಲ್ ರಿಪೇರಿ ಹಾಕಿದ್ದಾರೆ. ಹೋಟೆಲಿನವ ಕಾಫಿಗೆ ಚಿಕೋರಿ ಹೆಚ್ಚು ಹಾಕ್ತಾನೆ. ನನ್ನ ಹಳೇ ಬಸ್ಸು ಹೋಯ್ತು, ಸೆಕೆಂಡ್ ಗೇರಿನಲ್ಲಿ ಇನ್ನೂ ನರಳ್ತದೆ.”

ಅತ್ತೆ ಬಂದ ಮೇಲೆ ನಮ್ಮಿಬ್ಬರಿಗೂ ಸಿಕ್ಕಿದ ಬೈಗುಳವನ್ನು ಇಲ್ಲಿ ಹೇಳುವುದಿಲ್ಲ. ಮಾವ ಆಮೇಲೆ ಎಂದೂ ಬೀಳಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಚರಂಡಿಗೆ ಬಿದ್ದು ಮೊಣಕಾಲಿನ ಚರ್ಮ ಪೂರ್ತಿ ಹೋಯಿತು. ಮದ್ದು ಹಾಕಿದವಳು ನಾನೇ. ಗಾಯ ಒಣಗಿದ ಮರುದಿನ ಮತ್ತೆ ಹೊರಟರು. ಹೆದ್ದಾರಿಯನ್ನು ಮಾತ್ರ ಕೊನೆಯವರೆಗೂ ಒಬ್ಬರೇ ದಾಟಲಿಲ್ಲ. ಅವರ ಲೋಕ ಆ ಓಣಿಯಷ್ಟೇ ಆಯಿತು, ಆದರೆ ಅಷ್ಟು ಅವರದ್ದಾಯಿತು. ನಾನು ಅದನ್ನು ಸಣ್ಣ ಕೃಪೆಗಳ ಸಾಲಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಈಗ ನೋಡಿದರೆ ಅದೇನೂ ಸಣ್ಣದಲ್ಲ.

ಇಷ್ಟು ಹೊತ್ತಿಗೆ ಎಲೆಗಳೆಲ್ಲ ಮುಗಿದಿದ್ದವು. ಕೈ ತೊಳೆದು ಶ್ರಾವ್ಯಳಿಗೆ ಫೋನು ಮಾಡಿದೆ. ಗುಳಿಗಳ ಲೆಕ್ಕ ಹೇಳಿದೆ, ಬಿದಿರು ಹೇಳಿದೆ, ವೀಳ್ಯದೆಲೆ ಮರೆಯಬೇಡ ಎಂದೆ. ಅವಳು ಬರೆದುಕೊಂಡಳು. ಆಮೇಲೆ ಸ್ವಲ್ಪ ಯೋಚಿಸಿ, “ಅಪ್ಪನಿಗೆ ಕೊಡು,” ಎಂದೆ.

“ಎಂತ ಮಾಮಿ,” ಎಂದ ದಿನೇಶ. ಸ್ವರದಲ್ಲಿ ಏರಿಲ್ಲ, ಇಳಿತವಿಲ್ಲ. ಕಣ್ಣಿನ ಮಾತು ತೆಗೆದರೆ ಅವನು ‘ಆಯ್ತು’ ಎನ್ನುತ್ತಾನೆಂದು ಗೊತ್ತಿತ್ತು.

“ದಿನೇಶ, ಆ ಎರಡನೇ ತಿರುವಿನ ಆಚೆ ಎಂತ ಇಟ್ಟಿದ್ದಿ ನೀನು?”

“ಯಾವ ತಿರುವು?”

“ಐತಪ್ಪ ನಿಂತ ಜಾಗ. ನಿನ್ನ ಅಜ್ಜಿ ಅಟ್ಟಕ್ಕೆ ಹಾಕಿದ್ರಲ್ಲ.”

“ನೆನಪಿಲ್ಲ ಮಾಮಿ. ಸತ್ಯವಾಗಿ ನನಗೇ ನೆನಪಿಲ್ಲ.”

“ಹಾಗಾದ್ರೆ ಯಾರಾದ್ರೂ ಹೋಗಿ ನೋಡ್ಬೇಕಷ್ಟೆ.”

“ಯಾರು?”

ಗೇಟಿನಲ್ಲಿ ನಿಂತ ದಿನದ ಹಾಗೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಚೆ ಕಡೆ ಕುರ್ಚಿ ಸರಿದ ಸದ್ದಾಯಿತು, ಮತ್ತೆ ದಿನೇಶನ ಸ್ವರ, ನನಗಲ್ಲ, ಮಗಳಿಗೆ: “ಶ್ರಾವ್ಯ, ಅಲ್ಲಿ ಒಳಗೆ ಕೇಳುವುದು ಎಂತ?”

ಅವಳು ಏನೋ ಹೇಳತೊಡಗಿದಳು. “ಹಾಗಲ್ಲ, ಸರಿಯಾಗಿ ಹೇಳು,” ಎಂದು ಅವನು ಗದರಿದ್ದೂ ಕೇಳಿತು. ಅವರು ಮಾತಾಡುತ್ತಿದ್ದ ಹಾಗೆಯೇ ನಾನು ಫೋನು ಇಟ್ಟೆ. ಸವರಿದ ಎಲೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಹಬೆಯ ಪಾತ್ರೆಯಲ್ಲಿ ಒಂದರ ಪಕ್ಕ ಒಂದು ಕೂರಿಸಿ, ಒಲೆ ಹಚ್ಚಿದೆ.